ಒಂದಕ್ಕೂ ಎರಡಕ್ಕೂ ಇದ್ದ ಅಂತರ

ಆನ್‌ಲೈನ್ ಅಂಗಡಿಯಲ್ಲಿ ಸೀರೆ ಕೊಂಡು ದುಡ್ಡು ಕಟ್ಟುವಾಗ ನಮಗೆ ಕಾಣುವುದು ಬ್ರೌಸರ್ ಮಾತ್ರ. ಅದರ ಹಿಂದೆ ಅಂಗಡಿಯ ಸರ್ವರ್ ಪೇಮೆಂಟ್ ಕಂಪನಿಯ ಸರ್ವರನ್ನು ಕರೆದು ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಿರುತ್ತದೆ. ಬ್ರೌಸರಿಗೆ ಅನುಮಾನ ಬಂದರೆ ದೊಡ್ಡ ಅಕ್ಷರದಲ್ಲಿ ಎಚ್ಚರಿಸುತ್ತದೆ. ಸರ್ವರುಗಳ ಆ ಮಾತುಕತೆಯಲ್ಲಿ ಎಚ್ಚರಿಕೆ ಓದಲು ಯಾರೂ ಇಲ್ಲ. ಆ ತುದಿಯಲ್ಲಿರುವುದು ಅಸಲಿಯೋ ನಕಲಿಯೋ ಎಂಬ ತೀರ್ಮಾನ ಪ್ರೋಗ್ರಾಮರ್ ಎಂದೋ ಬರೆದಿಟ್ಟ ಒಂದೆರಡು ಸಾಲಿನ ಸೆಟ್ಟಿಂಗಿಗೆ ಬಿಟ್ಟದ್ದು.

ಇಂಥ ಮಾತುಕತೆಯನ್ನು ಕಾಯುವ ಎಸ್‌ಎಸ್‌ಎಲ್ ಎಂಬ ವಿಧಾನವನ್ನು 1995ರಲ್ಲಿ ನೆಟ್‌ಸ್ಕೇಪ್ ಹೊರತಂದದ್ದು ತನ್ನ ಬ್ರೌಸರಿಗಾಗಿ. 1999ರಲ್ಲಿ ಅದು ಟಿಎಲ್‌ಎಸ್ ಎಂಬ ಹೆಸರಲ್ಲಿ ಎಲ್ಲರ ಸೊತ್ತಾಯಿತು. ಸಂದೇಶವನ್ನು ಗೂಢಲಿಪಿಗೆ ತಿರುಗಿಸುವುದು ಅರ್ಧ ಕೆಲಸ ಅಷ್ಟೇ. ಕಳ್ಳನ ಜೊತೆಗೇ ಗುಟ್ಟಾಗಿ ಮಾತಾಡಿದರೆ ಗುಟ್ಟಿನಿಂದ ಏನು ಬಂತು? ಅದಕ್ಕೇ ಎರಡು ತಪಾಸಣೆ: ಎದುರಿನವರು ತೋರಿಸುವ ಸರ್ಟಿಫಿಕೇಟಿಗೆ ನಂಬಿಗಸ್ತ ಸಂಸ್ಥೆಯ ಸಹಿ ಇದೆಯೇ? ಅದರಲ್ಲಿರುವ ಹೆಸರು ನಾವು ಕರೆದ ಹೆಸರೇ? ಎರಡನೆಯದನ್ನು ಟಿಎಲ್‌ಎಸ್ ತನ್ನ ಮೈಮೇಲೆ ಹಾಕಿಕೊಳ್ಳಲಿಲ್ಲ. ಬಳಸುವ ಪ್ರೋಗ್ರಾಮಿಗೆ ಬಿಟ್ಟಿತು. ಲೋಕವೆಲ್ಲ ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗೆ ಹೆಸರು ತಾಳೆ ನೋಡುವ ಸೌಲಭ್ಯ ಬಂದದ್ದೇ 2015ರಲ್ಲಿ. ಅಲ್ಲಿಯವರೆಗೆ ಅವರವರು ತೋಚಿದಂತೆ ಬರೆದುಕೊಂಡರು, ಇಲ್ಲವೇ ಮರೆತರು.

2012ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಟೆಕ್ಸಾಸ್ ವಿಶ್ವವಿದ್ಯಾಲಯಗಳ ಸಂಶೋಧಕರು ಈ ಮರೆವಿನ ಬೆನ್ನು ಹತ್ತಿದರು. ಪ್ರಬಂಧಕ್ಕೆ ಅವರಿಟ್ಟ ಹೆಸರು ‘ಜಗತ್ತಿನ ಅತ್ಯಂತ ಅಪಾಯಕಾರಿ ಕೋಡ್’. ಅತಿಯಾಯಿತೆನ್ನಿಸಿದರೆ ತಪಾಸಣೆಯಲ್ಲಿ ಎಡವಿದವರ ಪಟ್ಟಿ ನೋಡಬೇಕು: ಅಮೆಜಾನ್, ಪೇಪಾಲ್‌ಗಳು ವ್ಯಾಪಾರಿಗಳಿಗೆ ಕೊಟ್ಟ ಲೈಬ್ರರಿಗಳು, ವೆಬ್ ಸರ್ವೀಸ್‌ಗೆಂದೇ ಇದ್ದ ಅಪಾಚೆ ಆಕ್ಸಿಸ್.

ಅದರಲ್ಲಿ ಒಂದು ಪ್ರಸಂಗವಂತೂ ನಗು ತರಿಸುತ್ತದೆ, ಸಂಕಟವನ್ನೂ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಕಟ್ಟಿ ಬೆಳೆಸಿದ, ಬೇರೆ ಸರ್ವರನ್ನು ಕರೆಯಲು ಪ್ರೋಗ್ರಾಮುಗಳು ಬಳಸುವ ಕರ್ಲ್ ಲೈಬ್ರರಿಯಲ್ಲಿ ‘ವೆರಿಫೈಹೋಸ್ಟ್’ ಎಂಬ ಸೆಟ್ಟಿಂಗ್ ಇದೆ. 2 ಎಂದಿಟ್ಟರೆ ಹೆಸರು ತಾಳೆ ನೋಡುತ್ತದೆ. ಆಗ 1 ಎಂದರೆ, ಸರ್ಟಿಫಿಕೇಟಿನಲ್ಲಿ ಯಾವುದೋ ಒಂದು ಹೆಸರಿದ್ದರೆ ಸಾಕಿತ್ತು. ಏನೂ ಮುಟ್ಟದಿದ್ದರೆ ಅದು 2 ಆಗಿಯೇ ಇರುತ್ತಿತ್ತು. ಆದರೆ ಅಮೆಜಾನಿನ ಪೇಮೆಂಟ್ ಲೈಬ್ರರಿ ಬರೆದವರು ಭದ್ರವಾಗಿರಲೆಂದು ‘ಟ್ರೂ’ ಎಂದು ಬರೆದರು. ಪಿಎಚ್‌ಪಿ ಭಾಷೆಯಿಂದ ಕರ್ಲ್‌ಗೆ ದಾಟುವಾಗ ‘ಟ್ರೂ’ ಅಂದರೆ 1. ಬಾಗಿಲು ಹಾಕಲು ಹೋಗಿ ಹಾಕಿದ್ದ ಚಿಲಕವನ್ನೇ ತೆಗೆದಂತಾಯಿತು. ಹಳೆಯ ತಪ್ಪು ತಿದ್ದಲು ಹೊರಟ ಪೇಪಾಲ್ ಲೈಬ್ರರಿಯಲ್ಲೂ ಇದೇ ಕಥೆ. ಇದು ಪ್ರೋಗ್ರಾಮರ್‌ನ ಅಜಾಗ್ರತೆ ಎನ್ನಲು ನನಗೆ ಮನಸ್ಸಿಲ್ಲ. ಹೌದು, ಅಲ್ಲ ಎಂಬ ಪ್ರಶ್ನೆಯಂತೆ ಕಾಣುವ ಕಡೆ ಮೂರು ಉತ್ತರ ಇಟ್ಟದ್ದೇ ಬಲೆ. 2012ರಲ್ಲೇ ಕರ್ಲ್ 1ನ್ನು ತಿರಸ್ಕರಿಸತೊಡಗಿತು; 2019ರಿಂದ 1 ಅಂದರೂ 2 ಎಂದೇ ತಿಳಿಯುತ್ತದೆ.

ಪೈಥಾನ್ ಭಾಷೆ ಇನ್ನೂ ತಡ. 2014ರ ಡಿಸೆಂಬರಿನಲ್ಲಿ ಬಂದ 2.7.9 ಆವೃತ್ತಿಯಿಂದಷ್ಟೇ ಅದು ಕೇಳದೆಯೂ ತಪಾಸಣೆ ಮಾಡತೊಡಗಿತು. ತಾವೇ ಸಹಿ ಹಾಕಿಕೊಂಡ ಸರ್ಟಿಫಿಕೇಟು ನಂಬಿದ್ದ ಪ್ರೋಗ್ರಾಮುಗಳಿಗೆ ಹೊಡೆತ ಬಿತ್ತು. ಸಹಿ ಹಾಕಿದ ತಮ್ಮದೇ ಸಂಸ್ಥೆಯ ರೂಟ್ ಸರ್ಟಿಫಿಕೇಟ್ ಎಲ್ಲಿದೆಯೆಂದು ಕರೆಯುವ ಪ್ರೋಗ್ರಾಮಿಗೆ ತೋರಿಸಿದರೆ ಸಾಕು, ಸಮಸ್ಯೆ ಮುಗಿಯಿತು. ನಡುರಾತ್ರಿ ಸರ್ವರ್ ಕೈಕೊಟ್ಟಾಗ ಕೈ ಓಡುವುದು ಮಾತ್ರ ತಪಾಸಣೆಯನ್ನೇ ನಿಲ್ಲಿಸುವ ‘ವೆರಿಫೈ = ಫಾಲ್ಸ್’ ಕಡೆಗೆ. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿ ಆಗ ಎಚ್ಚರಿಕೆ ಕೊಡುತ್ತದೆ. ಲಾಗ್ ತುಂಬುತ್ತದೆಂದು ಅದನ್ನೂ ಇನ್ನೊಂದು ಸಾಲು ಬರೆದು ನಿಲ್ಲಿಸುತ್ತಾರೆ.