ಮನೆಯೊಳಗೊಂದು ಆಫೀಸು

ಡಿಗ್ರಿ ಆಯಿತು, ಮದುವೆ ಆಯಿತು, ಮಗುವೂ ಆಯಿತು. ಸರ್ಟಿಫಿಕೇಟು ಮಾತ್ರ ಕಪಾಟಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿದೆ! ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳ ಕಥೆ ಇದೇ ಅಲ್ಲವೇ? ನಮ್ಮ ಕಡೆ ಕಾಲೇಜುಗಳಿಗೇನೂ ಕೊರತೆಯಿಲ್ಲ. ಭಟ್ಕಳದಲ್ಲಿ ಅಂಜುಮನ್ ಸಂಸ್ಥೆಯವು, ಹೊನ್ನಾವರದಲ್ಲಿ ಎಸ್.ಡಿ.ಎಂ., ಕುಮಟಾದಲ್ಲಿ ಡಾ. ಎ.ವಿ. ಬಾಳಿಗಾ ಕಾಲೇಜು. ವರ್ಷ ವರ್ಷವೂ ಹುಡುಗಿಯರು ಚೆನ್ನಾಗಿಯೇ ಪಾಸಾಗಿ ಹೊರಬರುತ್ತಾರೆ. ಆಮೇಲೆ? ಊರಲ್ಲಿ ಶಾಲೆ, ಸಹಕಾರಿ ಸಂಘ, ಅಂಗಡಿಯ ಲೆಕ್ಕ ಎಂದು ನಾಲ್ಕು ಕೆಲಸ. ಉಳಿದದ್ದೆಲ್ಲ ಮಂಗಳೂರು, ಹುಬ್ಬಳ್ಳಿ, ಬೆಂಗಳೂರಿನಲ್ಲಿ. ಮಗುವನ್ನೂ ವಯಸ್ಸಾದ ಅತ್ತೆ-ಮಾವನನ್ನೂ ಬಿಟ್ಟು ಹೋಗುವುದಾದರೂ ಹೇಗೆ?

ಹಾಗಾದರೆ ಕೆಲಸವೇ ಮನೆಗೆ ಬಂದರೆ? ಅಂಥದ್ದೊಂದು ಉದ್ಯೋಗಕ್ಕೆ ಈಗ ‘ವರ್ಚುವಲ್ ಅಸಿಸ್ಟೆಂಟ್’ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಹಿಂದೆ ಸಾಹೇಬರ ಕೋಣೆಯ ಹೊರಗೆ ಟೈಪ್‌ರೈಟರ್ ಮುಂದೆ ಪಿ.ಎ. ಒಬ್ಬರು ಕೂತಿರುತ್ತಿದ್ದರಲ್ಲ, ಅದೇ ಕೆಲಸ. ಸಾಹೇಬರು ದುಬೈಯಲ್ಲಿ, ಪಿ.ಎ. ಹೊನ್ನಾವರದ ಮನೆಯಲ್ಲಿ, ಅಷ್ಟೇ ವ್ಯತ್ಯಾಸ. ಬಂದ ಇ-ಮೇಲ್‌ಗಳನ್ನು ವಿಂಗಡಿಸುವುದು, ಉತ್ತರ ಬರೆಯುವುದು, ಯಾರನ್ನು ಎಷ್ಟು ಗಂಟೆಗೆ ಕಾಣಬೇಕೆಂದು ಗೊತ್ತುಮಾಡುವುದು, ಬಿಲ್ಲು ಕಳಿಸುವುದು, ಬಾಕಿ ಹಣ ನೆನಪಿಸುವುದು, ವಿಮಾನದ ಟಿಕೆಟು ಮಾಡಿಸುವುದು... ಎಲ್ಲವೂ ಕಂಪ್ಯೂಟರಿನಲ್ಲೇ.

ಅಮೆರಿಕದ ಜಾಕ್ ನಿಲ್ಲೆಸ್ ಎಂಬವರು 1973ರಲ್ಲೇ ಈ ಪದ್ಧತಿಗೆ ‘ಟೆಲಿಕಮ್ಯೂಟಿಂಗ್’ ಎಂದು ಹೆಸರಿಟ್ಟಿದ್ದರು. ನಮ್ಮಲ್ಲಿ ಅದು ಮನೆಮಾತಾಗಲು 2020ರ ಲಾಕ್‌ಡೌನ್ ಬರಬೇಕಾಯಿತು. ಬೆಂಗಳೂರಿನ ಮಕ್ಕಳು ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದು ಜಗಲಿಯಲ್ಲಿ ಕೂತರು; ಸಿಗ್ನಲ್ ಸಿಗದವರು ಗುಡ್ಡ ಹತ್ತಿದರು. ‘ಇದೂ ಒಂದು ಕೆಲಸವೇ’ ಎಂದು ಹಿರಿಯರು ಒಪ್ಪಿಕೊಂಡದ್ದು ಆಗಲೇ. ಮಗ ಮಾಡಿದರೆ ಒಪ್ಪಿದರು ಅನ್ನಿ. ಸೊಸೆ ಮಾಡಿದರೆ ಒಪ್ಪುತ್ತಾರೆಯೇ? ಆ ಮಾತಿಗೆ ಮುಂದೆ ಬರೋಣ.

ಮನೆಯಲ್ಲೇ ಕೂತು ದುಡಿಯುವುದು ನಮ್ಮ ಹೆಂಗಸರಿಗೆ ಹೊಸದೇನಲ್ಲ. ಭಟ್ಕಳ ಮಲ್ಲಿಗೆಯನ್ನೇ ನೋಡಿ. ಮೊಗ್ಗು ಕೊಯ್ದು, ಮನೆಯಲ್ಲೇ ಮಾಲೆ ಕಟ್ಟಿ, ಹೊತ್ತಿಗೆ ಸರಿಯಾಗಿ ಪೇಟೆಗೆ ಮುಟ್ಟಿಸಬೇಕು. ಹೊತ್ತು ಮೀರಿದರೆ ಹೂವೂ ಬಾಡಿತು, ದುಡ್ಡೂ ಹೋಯಿತು. ಈ ಹೊಸ ಕೆಲಸಕ್ಕೂ ಅದೇ ಶಿಸ್ತು ಬೇಕು. ‘ಮನೆಯಲ್ಲೇ ಇದ್ದೇನಲ್ಲ, ಆಮೇಲೆ ಮಾಡಿದರಾಯ್ತು’ ಅನ್ನುವವರಿಗೆ ಇದು ಒಗ್ಗುವುದಿಲ್ಲ.

ಏನೇನು ಬರಬೇಕು? ತಪ್ಪಿಲ್ಲದ ಸರಳ ಇಂಗ್ಲಿಷು, ಚುರುಕಾದ ಟೈಪಿಂಗ್, ಸ್ಪ್ರೆಡ್‌ಶೀಟಿನಲ್ಲಿ ಲೆಕ್ಕ ಇಡುವ ಅಭ್ಯಾಸ. ಅದಕ್ಕಿಂತ ಹೆಚ್ಚಾಗಿ, ಹೇಳಿದ್ದನ್ನು ನೆನಪಿಟ್ಟು ಮಾಡುವ, ಕೇಳಿದ್ದನ್ನು ಹೊರಗೆ ಆಡದ ಗುಣ. ಒಂದು ಮಾತು ಬಿಚ್ಚಿ ಹೇಳಿಬಿಡುತ್ತೇನೆ: ಕಾಗದ ನೋಡಿ ಹಾಗೇ ನಕಲು ಟೈಪ್ ಮಾಡುವ ಕೆಲಸವನ್ನು ನಂಬಿ ಕೂರಬೇಡಿ. ಅದನ್ನೀಗ ಎ.ಐ. ಯಂತ್ರ ಕ್ಷಣದಲ್ಲಿ ಮಾಡುತ್ತದೆ. ಸಿಟ್ಟಾದ ಗ್ರಾಹಕನಿಗೆ ಹೇಗೆ ಉತ್ತರಿಸಬೇಕು, ಯಾವ ಪತ್ರ ಇವತ್ತೇ ಸಾಹೇಬರ ಕಣ್ಣಿಗೆ ಬೀಳಬೇಕು ಎಂಬ ವಿವೇಕಕ್ಕೆ ಬೆಲೆ. ನಮ್ಮೂರಿನವರಿಗೆ ಇನ್ನೊಂದು ಅನುಕೂಲವೂ ಇದೆ. ಕನ್ನಡ, ಕೊಂಕಣಿ, ನವಾಯತಿ, ಉರ್ದು, ಹಿಂದಿ ಎಂದು ಮೂರು ನಾಲ್ಕು ಭಾಷೆ ಎಷ್ಟೋ ಮಂದಿಯ ನಾಲಿಗೆಯ ಮೇಲೇ ಇವೆ!

ಮೊದಲ ಗಿರಾಕಿಯನ್ನು ಲಂಡನ್ನಿನಲ್ಲಿ ಹುಡುಕಬೇಡಿ. ಮುರುಡೇಶ್ವರದ ಲಾಡ್ಜು, ಗೋಕರ್ಣದ ಹೋಮ್‌ಸ್ಟೇ, ಪೇಟೆಯ ಹಲ್ಲಿನ ಡಾಕ್ಟರು, ಇವರಿಗೆಲ್ಲ ಬುಕಿಂಗ್ ನೋಡಿಕೊಳ್ಳುವ, ವಾಟ್ಸಾಪಿಗೆ ಮರ್ಯಾದೆಯಿಂದ ಉತ್ತರಿಸುವ ಒಬ್ಬರು ಬೇಕಾಗಿಯೇ ಇರುತ್ತಾರೆ. ಆರು ತಿಂಗಳು ಅಂಥ ಕೆಲಸ ಮಾಡಿ, ಅವರಿಂದ ನಾಲ್ಕು ಸಾಲಿನ ಶಿಫಾರಸು ಬರೆಸಿಕೊಂಡರೆ ದೂರದವರನ್ನು ಕೇಳಲು ಧೈರ್ಯ ಬರುತ್ತದೆ. ಗಲ್ಫಿನಲ್ಲಿ ವ್ಯಾಪಾರ ಮಾಡುವ ನೆಂಟರು, ಪರಿಚಯದವರು ನಮ್ಮ ಕಡೆ ಯಾರಿಗಿಲ್ಲ?

ಗಲ್ಫಿನ ಕೆಲಸ ಗೃಹಿಣಿಗೆ ಹೊಂದುವುದಕ್ಕೆ ಗಡಿಯಾರವೂ ಕಾರಣ. ದುಬೈಯ ಬೆಳಗಿನ 9 ಗಂಟೆ ನಮಗೆ 10.30. ಅಷ್ಟರಲ್ಲಿ ತಿಂಡಿ, ಡಬ್ಬಿ, ಮಕ್ಕಳ ಶಾಲೆ ಎಲ್ಲ ಮುಗಿದಿರುತ್ತದೆ. ಇಂಗ್ಲೆಂಡಿನ 9 ಎಂದರೆ ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ನ್ಯೂಯಾರ್ಕಿನವರಾದರೆ ಸಂಜೆ 6.30 ಅಥವಾ 7.30ಕ್ಕೆ ಶುರು, ದೀಪ ಹಚ್ಚುವ, ಅಡುಗೆ ಮಾಡುವ ಹೊತ್ತು. ಸಂಬಳ ಹೆಚ್ಚೆಂದು ರಾತ್ರಿಪಾಳಿ ಒಪ್ಪಿಕೊಂಡು, ಬೆಳಿಗ್ಗೆ ಐದಕ್ಕೆ ಮತ್ತೆ ಎದ್ದರೆ ದೇಹ ಎಷ್ಟು ದಿನ ತಾಳೀತು? ರಜೆಯನ್ನೂ ಮೊದಲೇ ಕೇಳಿಕೊಳ್ಳಿ. ಯು.ಎ.ಇ. ಸರ್ಕಾರಿ ಕಚೇರಿಗಳಿಗೆ 2022ರಿಂದ ಶನಿವಾರ, ಭಾನುವಾರ ರಜೆ. ಸೌದಿಯಲ್ಲಿ ಶುಕ್ರವಾರ, ಶನಿವಾರ.

ಈಗ ಸೊಸೆಯ ವಿಷಯಕ್ಕೆ ಬರೋಣ. ಈ ಉದ್ಯೋಗದಲ್ಲಿ ಸೋಲುವವರು ಕಂಪ್ಯೂಟರ್ ಬಾರದೆ ಸೋಲುವುದು ಕಡಿಮೆ. ‘ಹೇಗೂ ಮನೆಯಲ್ಲೇ ಇದ್ದಾಳಲ್ಲ’ ಎಂಬ ಒಂದು ಮಾತಿನಿಂದ ಸೋಲುವುದೇ ಹೆಚ್ಚು. ಮಗ ಲ್ಯಾಪ್‌ಟಾಪ್ ತೆರೆದರೆ ‘ಶ್, ಅವನಿಗೆ ಮೀಟಿಂಗು’ ಎನ್ನುವ ಮನೆಯಲ್ಲೇ ಸೊಸೆ ತೆರೆದರೆ ‘ಆ ತೆಂಗಿನಕಾಯಿ ಒಂದು ತುರಿದುಬಿಡೇ’ ಎಂಬ ಕೂಗು! ಗ್ಯಾಸಿನವನು ಬಂದರೂ ಅವಳೇ ಏಳಬೇಕು, ನೆಂಟರು ಬಂದರೂ ಅವಳೇ ಚಾ ಇಡಬೇಕು. ಜಗಳವಾಡಿ ಇದು ಸರಿಯಾಗುವುದಿಲ್ಲ. ಸುಮ್ಮನಿದ್ದರಂತೂ ಖಂಡಿತ ಸರಿಯಾಗುವುದಿಲ್ಲ. ಕೆಲಸ ಒಪ್ಪಿಕೊಳ್ಳುವ ಮೊದಲೇ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿ: ‘ಅತ್ತೆ, 10.30ರಿಂದ 2.30ರವರೆಗೆ ನಾನು ಆಫೀಸಿನಲ್ಲಿ ಇದ್ದಂತೆ. ಅಡುಗೆ ಮುಗಿಸಿಯೇ ಕೂರುತ್ತೇನೆ, ಬಡಿಸಿಕೊಳ್ಳುವುದು ನಿಮ್ಮದು.’ ಯಜಮಾನರು ಅಲ್ಲಿಯೇ ‘ಹೌದು’ ಅನ್ನಬೇಕು, ಕೋಣೆಯೊಳಗೆ ನಿಮ್ಮ ಹತ್ತಿರ ಮಾತ್ರ ಅಂದರೆ ಸಾಲದು. ಬಾಗಿಲು ಹಾಕಿಕೊಳ್ಳುವ ಒಂದು ಮೂಲೆ ಬೇಕು. ಅಡುಗೆಮನೆಯ ಮೇಜು ಬೇಡ; ಒಗ್ಗರಣೆಯ ಸದ್ದು ದುಬೈಯವರಿಗೂ ಕೇಳುತ್ತದೆ.

ಮಗುವನ್ನು ಮಡಿಲಲ್ಲಿಟ್ಟುಕೊಂಡು ನಗುನಗುತ್ತ ಟೈಪ್ ಮಾಡುವ ತಾಯಿಯ ಜಾಹೀರಾತು ನೋಡಿರುತ್ತೀರಿ. ನಂಬಬೇಡಿ. ಎರಡು ವರ್ಷದ ಮಗು ಮೀಟಿಂಗಿಗೆ ಕಾಯುವುದಿಲ್ಲ. ಆ ನಾಲ್ಕು ಗಂಟೆ ಮಗುವನ್ನು ನೋಡಿಕೊಳ್ಳುವವರು ಯಾರೆಂದು ತೀರ್ಮಾನವಾಗದೆ ಕೆಲಸ ಹಿಡಿಯಬೇಡಿ.

ಇನ್ನು ನಮ್ಮ ಮಳೆ! ಜೂನ್ ಬಂತೆಂದರೆ ಮರ ಬಿತ್ತು, ತಂತಿ ಹರಿಯಿತು, ಕರೆಂಟು ಹೋಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೂ ಹೋದವು, ಕುಮಟಾದಿಂದ ಕಾರವಾರದ ಕಡೆಯ ಹೆದ್ದಾರಿ ದಿನಗಟ್ಟಲೆ ಬಂದಾಯಿತು. ಅಂಥ ದಿನಗಳಲ್ಲಿ ಮನೆಯ ಕೆಲಸವೇ ವಾಸಿ, ನಿಜ. ಆದರೆ ಕರೆಂಟೂ ನೆಟ್ಟೂ ಇದ್ದರೆ ತಾನೇ? ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇರುತ್ತದೆ. ರೌಟರಿಗೂ ಒಂದು ಪುಟ್ಟ ಯು.ಪಿ.ಎಸ್. ಹಾಕಿಸಿ. ಫೈಬರ್ ಒಂದು ಕಂಪನಿಯದಾದರೆ ಮೊಬೈಲು ಸಿಮ್ ಇನ್ನೊಂದು ಕಂಪನಿಯದಿರಲಿ. ಮಳೆಗಾಲದ ಸ್ಥಿತಿಯನ್ನು ಗಿರಾಕಿಗೆ ಮೊದಲೇ ತಿಳಿಸಿಬಿಡಿ. ಕೆಲಸ ನಿಂತಮೇಲೆ ಹೇಳಿದರೆ ನೆಪದಂತೆ ಕಾಣುತ್ತದೆ.

ಮೋಸದ ವಿಚಾರ ಹೇಳದೆ ಹೋದರೆ ತಪ್ಪಾದೀತು. ‘ಮನೆಯಲ್ಲೇ ಟೈಪ್ ಮಾಡಿ, ತಿಂಗಳಿಗೆ ಮೂವತ್ತು ಸಾವಿರ’ ಎಂಬ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಮೊದಲು ಎರಡು ಸಾವಿರ ‘ನೋಂದಣಿ’ ಹಣ ಕಟ್ಟಿ ಎನ್ನುತ್ತಾರೆ. ಕೆಲಸ ಮಾಡಿ ಕಳಿಸಿದರೆ ‘ತಪ್ಪು ಜಾಸ್ತಿ, ಕರಾರು ಮುರಿದಿದ್ದೀರಿ’ ಎಂದು ವಕೀಲರ ಹೆಸರಲ್ಲಿ ನೋಟಿಸು, ಕೋರ್ಟಿನ ಬೆದರಿಕೆ. ಗಂಡನಿಗೆ ಹೇಳಲು ಹೆದರಿ, ಕೈಬಳೆ ಅಡವಿಟ್ಟು ಕಟ್ಟಿಬಿಡಬೇಡಿ! ಕೆಲಸ ಕೊಡುವವರು ದುಡ್ಡು ಕೊಡುತ್ತಾರೆಯೇ ಹೊರತು ಕೇಳುವುದಿಲ್ಲ. ‘ನಮ್ಮ ಹಣ ನಿಮ್ಮ ಖಾತೆಗೆ ಬರಲಿ, ಕಮಿಷನ್ ಇಟ್ಟುಕೊಂಡು ಮುಂದೆ ಕಳಿಸಿ’ ಎಂದರೆ ಇನ್ನೂ ಅಪಾಯ. ಅದು ಕಳ್ಳ ಹಣವಾಗಿದ್ದರೆ ಪೊಲೀಸರು ಬರುವುದು ನಿಮ್ಮ ಬಾಗಿಲಿಗೆ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ಕೈಬದಲಾಗುವ ಮೊದಲು ತಡೆಯಲು ಆಸ್ಪದವಿರುತ್ತದೆ.

ಸಂಬಳ ಎಷ್ಟು ಕೇಳಬೇಕು? ಲೆಕ್ಕ ಹಾಕಿಯೇ ಕೇಳಿ. ದಿನಕ್ಕೆ 4 ಗಂಟೆಯಂತೆ 25 ದಿನ ಎಂದರೆ 100 ಗಂಟೆ. 12,000 ರೂಪಾಯಿ ಕೊಟ್ಟರೆ ಗಂಟೆಗೆ 120 ಬಿತ್ತು. ಅದರಲ್ಲಿ ನೆಟ್ಟು, ಕರೆಂಟು, ಲ್ಯಾಪ್‌ಟಾಪಿನ ಸವೆತ ಕಳೆಯಿರಿ. ‘ಮನೆಯಲ್ಲೇ ಇರುವವರಿಗೆ ಇಷ್ಟು ಸಾಕು’ ಎನ್ನುವ ಗಿರಾಕಿಯನ್ನು ಬಿಟ್ಟುಬಿಡಿ. ಹಣ ನಿಮ್ಮ ಹೆಸರಿನ ಖಾತೆಗೇ ಬರಲಿ. ವಿದೇಶದಿಂದ ಬಂದರೆ ಯಾತಕ್ಕೆ ಬಂದದ್ದೆಂದು ಬ್ಯಾಂಕಿನವರು ಕೇಳುತ್ತಾರೆ, ಬಿಲ್ಲಿನ ಪ್ರತಿ ಇಟ್ಟುಕೊಂಡಿರಿ. ಪಾನ್ ಕಾರ್ಡು ಬೇಕೇ ಬೇಕು. ಸ್ವಂತ ಖಾತೆ ಇನ್ನೂ ಇಲ್ಲವೇ? ಈ ವಾರವೇ ಹೋಗಿ ತೆರೆಯಿರಿ. ಫೋಟೋ, ಆಧಾರ್ ಮರೆಯಬೇಡಿ, ಬ್ಯಾಂಕಿನವರ ಊಟದ ಹೊತ್ತಿಗೆ ಮಾತ್ರ ಹೋಗಬೇಡಿ.