ಅರಗಿನ ತಟ್ಟೆಯಲ್ಲಿ ಬೀಳಗಿಯ ಕಂಠ

ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು 1965ರಲ್ಲಿ ತೀರಿಕೊಂಡರು. ಆದರೆ ಹಳೆಯ ಗ್ರಾಮೋಫೋನಿಗೆ ಕೀಲಿ ಕೊಟ್ಟು, ತಟ್ಟೆಯ ಮೇಲೆ ಮುಳ್ಳನ್ನಿಟ್ಟರೆ, 1943ರ ‘ಕಿಸ್ಮತ್’ ಚಿತ್ರದಲ್ಲಿ ಹಾಡಿದ ಆ ಕಂಠ ಇಂದಿಗೂ ಮನೆಯನ್ನು ತುಂಬುತ್ತದೆ. ಬಾಲಗಂಧರ್ವರ ನಾಟಕಗಳಲ್ಲಿ ಹೆಸರಾದ ಸೋದರಿ ಗೋಹರಬಾಯಿಯವರ ಕಂಠವೂ ಹಾಗೆಯೇ ಉಳಿದಿದೆ.

ನಿಮಿಷಕ್ಕೆ 78 ಸುತ್ತು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರೇ ನಿಮಿಷದ ಹಾಡು. ಅರಗಿನೊಡನೆ ಬೆರೆತ ಕಲ್ಲಿನ ಪುಡಿ ಉಕ್ಕಿನ ಮುಳ್ಳನ್ನು ಸವೆಸುತ್ತದೆ. ಸವೆದ ಮುಳ್ಳು ಗೆರೆಗಳನ್ನು ಕೆರೆದು ಸ್ವರವನ್ನೇ ಕಸಿಯುತ್ತದೆ. ಆದುದರಿಂದ ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಬೇಕು.

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಅಟ್ಟದಲ್ಲಿ ಇಂಥ ತಟ್ಟೆಯೊಂದು ಸಿಕ್ಕರೆ ಅದನ್ನು ಗುಜರಿಗೆ ಹಾಕಬಾರದು. ಕೈ ಜಾರಿದರೆ ಒಡೆಯುವ ಆ ತಟ್ಟೆಯಲ್ಲಿ ನೆರೆಯೂರಿನ ಮಗಳೊಬ್ಬಳು ಹಾಡುತ್ತಿರಬಹುದು.