ಆಫೀಸ್ ತಂತ್ರಾಂಶಕ್ಕೆ ಹಣ ತೆರಲೇಬೇಕೆ?

ಮಗಳು ಡಿಗ್ರಿಗೆ ಸೇರಿದಳೆಂದೋ, ಮಗನಿಗೆ ಪ್ರಾಜೆಕ್ಟ್ ವರದಿ ಟೈಪು ಮಾಡಿ ತರಲು ಹೇಳಿದರೆಂದೋ ಮಧ್ಯಮ ವರ್ಗದ ಮನೆಯೊಂದು ಕೂಡಿಟ್ಟ ಹಣಕ್ಕೆ ಒಂದಿಷ್ಟು ಸಾಲ ಸೇರಿಸಿ ಕಂಪ್ಯೂಟರ್ ಕೊಳ್ಳುತ್ತದೆ. ಯಂತ್ರ ಮನೆಗೆ ಬಂದು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಮೇಜಿನ ಮೇಲೆ ಕುಳಿತ ಮೇಲೆಯೇ ಇನ್ನೊಂದು ಖರ್ಚಿನ ಸುಳಿವು ಸಿಗುವುದು. ಪತ್ರ ಬರೆಯಲು, ಲೆಕ್ಕ ಹಾಕಲು, ಸ್ಲೈಡ್ ತಯಾರಿಸಲು ಬೇಕಾದ ‘ಆಫೀಸ್’ ತಂತ್ರಾಂಶಕ್ಕೆ ಬೇರೆಯೇ ಹಣ ಕೊಡಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಮೊದಲೇ ಇರುತ್ತದೆ, ನಿಜ. ಆದರೆ ಹಲವು ಸಲ ಅದು ಕೆಲವು ದಿನಗಳ ಪ್ರಯೋಗಕ್ಕಷ್ಟೇ ಕೊಟ್ಟದ್ದು. ಅವಧಿ ಮುಗಿದ ಮೇಲೆ ಫೈಲನ್ನು ತೆರೆಯಬಹುದು, ಓದಬಹುದು, ಆದರೆ ಒಂದಕ್ಷರ ತಿದ್ದಲಾಗದು. ಇದು ಗಮನಕ್ಕೆ ಬರುವುದು ಸಾಮಾನ್ಯವಾಗಿ ವರದಿ ಒಪ್ಪಿಸಬೇಕಾದ ಹಿಂದಿನ ರಾತ್ರಿ.

ಆಗ ಪಕ್ಕದ ಅಂಗಡಿಯವರ ಸಲಹೆ ಸಿದ್ಧವಿರುತ್ತದೆ: ‘ತಂದುಕೊಡಿ ಸಾರ್, ಹಾಕಿಕೊಡ್ತೀನಿ, ಮುನ್ನೂರು ರೂಪಾಯಿ ಕೊಡಿ ಸಾಕು.’ ಹಾಕಿಕೊಡುವುದು ಬೀಗ ಮುರಿದ ಪ್ರತಿ. ಬೀಗ ಮುರಿಯುವ ಪುಟ್ಟ ಪ್ರೋಗ್ರಾಂ ಓಡಬೇಕಾದರೆ ಆಂಟಿವೈರಸ್ಸನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಎನ್ನುತ್ತಾರೆ. ಕಾವಲುಗಾರನನ್ನು ಮಲಗಿಸಿ ಅಪರಿಚಿತನನ್ನು ಮನೆಯೊಳಕ್ಕೆ ಕರೆದಂತೆ ಇದು. ಅದೇ ಯಂತ್ರದಲ್ಲಿ ತಂದೆಯ ಬ್ಯಾಂಕ್ ವ್ಯವಹಾರ, ತಾಯಿಯ ಆಧಾರ್ ಪ್ರತಿ, ಮನೆಮಂದಿಯ ಫೋಟೋಗಳೆಲ್ಲ ಇರುತ್ತವೆ ಎಂಬುದನ್ನು ಮರೆಯಬಾರದು. ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ 63ಬಿ ಎಂಬ ಕಲಮು ಸೇರಿತು. ಕಳ್ಳಪ್ರತಿಯೆಂದು ಗೊತ್ತಿದ್ದೂ ಬಳಸಿದವರಿಗೆ ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ವ್ಯಾಪಾರಕ್ಕಲ್ಲದೆ ಬಳಸಿದ್ದಾದರೆ ನ್ಯಾಯಾಲಯ ಸೆರೆವಾಸ ಬಿಟ್ಟು ದಂಡವನ್ನಷ್ಟೇ ಹಾಕಬಹುದು. ಮನೆಮನೆಗೆ ಪೊಲೀಸರು ಬರುವುದಿಲ್ಲವೆಂಬುದು ಬೇರೆ ಮಾತು. ಪರೀಕ್ಷೆಯಲ್ಲಿ ನಕಲು ಮಾಡಬೇಡ ಎಂದು ಹೇಳುವ ಮನೆಯಲ್ಲೇ ಮಗುವಿನ ಮೊದಲ ವರದಿ ಕದ್ದ ತಂತ್ರಾಂಶದಲ್ಲಿ ತಯಾರಾಗುವುದು ಮಾತ್ರ ವಿಚಿತ್ರವೇ ಸರಿ.

ಹಾಗಾದರೆ ಕೊಳ್ಳುವುದೊಂದೇ ದಾರಿಯೇ? ಅಲ್ಲ. ಕಾಸು ಖರ್ಚಿಲ್ಲದ, ಕಾನೂನಿಗೂ ಒಪ್ಪಿಗೆಯಾದ ದಾರಿ ಬಹಳ ಕಾಲದಿಂದ ಇದೆ. ಅದನ್ನು ಹೇಳಿಕೊಡುವವರು ಕಡಿಮೆ, ಅಷ್ಟೆ. ಉಚಿತವಾಗಿ ಸಿಗುವ ವಸ್ತುವನ್ನು ಮಾರಿ ಅಂಗಡಿಯವರಿಗೆ ಲಾಭವಾದರೂ ಏನು!

ಜರ್ಮನಿಯ ಹುಡುಗನಿಂದ ಆರಂಭ

ಈ ದಾರಿಯ ಹೆಸರು ಲಿಬ್ರೆಆಫೀಸ್. ‘ಲಿಬ್ರೆ’ ಎಂದರೆ ಸ್ವತಂತ್ರ. ಇದರ ಮೂಲ 1985ರಲ್ಲಿ ಜರ್ಮನಿಯ ಮಾರ್ಕೊ ಬೋರಿಸ್ ಎಂಬ ಹದಿಹರೆಯದ ಹುಡುಗ ಆರಂಭಿಸಿದ ಸ್ಟಾರ್ ಡಿವಿಷನ್ ಎಂಬ ಕಂಪನಿಯಲ್ಲಿದೆ. ಅದರ ಸ್ಟಾರ್‌ಆಫೀಸ್ ತಂತ್ರಾಂಶವನ್ನು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಕೊಂಡುಕೊಂಡಿತು. ಮರುವರ್ಷವೇ ಅದರ ಮೂಲ ಸಂಕೇತವನ್ನು, ಅಂದರೆ ಪ್ರೋಗ್ರಾಂ ಬರೆದ ಸಾಲುಗಳನ್ನೇ, ಲೋಕಕ್ಕೆ ಬಿಟ್ಟುಕೊಟ್ಟಿತು. ಹೀಗೆ ಓಪನ್‌ಆಫೀಸ್ ಹುಟ್ಟಿತು. 2010ರಲ್ಲಿ ಸನ್ ಕಂಪನಿ ಒರಾಕಲ್ ಕೈಸೇರಿದಾಗ ಮುಂದೇನೋ ಎಂಬ ಆತಂಕದಿಂದ ಹಲವು ತಂತ್ರಜ್ಞರು ಬೇರೆಯಾಗಿ ಡಾಕ್ಯುಮೆಂಟ್ ಫೌಂಡೇಷನ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿ, ಅದೇ ಸಂಕೇತದಿಂದ ಲಿಬ್ರೆಆಫೀಸನ್ನು ಬೆಳೆಸಿದರು. ಸಂಕೇತ ಬಯಲಿನಲ್ಲಿದ್ದುದರಿಂದಲೇ ಇದು ಸಾಧ್ಯವಾಯಿತು. ಒಡೆಯ ಬದಲಾದರೂ ಬಳಸುವವರ ಕೈಯಿಂದ ತಂತ್ರಾಂಶವನ್ನು ಕಿತ್ತುಕೊಳ್ಳಲು ಬರಲಿಲ್ಲ. ಓಪನ್‌ಆಫೀಸ್ ಎಂಬ ಹಳೆಯ ಹೆಸರಿನಲ್ಲೂ ಒಂದು ಆವೃತ್ತಿ ಈಗಲೂ ಸಿಗುತ್ತದೆ. ಆದರೆ ಅದರ ಬೆಳವಣಿಗೆ ಕುಂಟುತ್ತಿರುವುದರಿಂದ ಹೊಸದಾಗಿ ಹಾಕಿಕೊಳ್ಳುವವರು ಲಿಬ್ರೆಆಫೀಸನ್ನೇ ಆರಿಸುವುದು ಲೇಸು.

ಇದರೊಳಗೆ ವರ್ಡ್‌ನ ಬದಲು ರೈಟರ್, ಎಕ್ಸೆಲ್‌ನ ಬದಲು ಕ್ಯಾಲ್ಕ್, ಪವರ್‌ಪಾಯಿಂಟ್‌ನ ಬದಲು ಇಂಪ್ರೆಸ್ ಇವೆ. ಗಣಿತದ ಸಮೀಕರಣ ಬರೆಯಲು ಮ್ಯಾಥ್, ಚಿತ್ರಕ್ಕೆ ಡ್ರಾ, ದತ್ತಸಂಚಯಕ್ಕೆ ಬೇಸ್ ಕೂಡ ಉಂಟು. ‘ಶಾಲೆಯಲ್ಲಿ ಕಲಿಸುವುದು ಬೇರೆ, ಮನೆಯಲ್ಲಿ ಬೇರೆಯಾದರೆ ಹುಡುಗರಿಗೆ ಗೊಂದಲವಾಗದೆ?’ ಎಂಬ ತಂದೆತಾಯಿಯರ ಶಂಕೆ ಸಹಜ. ಸಿಬಿಎಸ್‌ಇ ಹತ್ತನೇ ತರಗತಿಯ ಮಾಹಿತಿ ತಂತ್ರಜ್ಞಾನ ವಿಷಯದ ಪಠ್ಯಕ್ರಮದಲ್ಲಿ ಇದೇ ಲಿಬ್ರೆಆಫೀಸ್ ಇದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ಹಲವು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ನಡೆಯುತ್ತಿದೆ. ಮೆನುಗಳ ಜಾಗ ಅಲ್ಪಸ್ವಲ್ಪ ಬೇರೆ ಇರಬಹುದು. ಒಂದು ಕಂಪನಿಯ ಸ್ಕೂಟರ್ ಕಲಿತವರಿಗೆ ಇನ್ನೊಂದು ಕಂಪನಿಯದನ್ನು ಓಡಿಸಲು ಎಷ್ಟು ದಿನ ಬೇಕು?

ಲೋಲಕದ ಲೆಕ್ಕ

ಬಿಟ್ಟಿ ತಂತ್ರಾಂಶದಲ್ಲಿ ನಿಜವಾದ ಕೆಲಸ ಆಗುತ್ತದೆಯೇ ಎಂದು ಪರೀಕ್ಷಿಸಲು ಪಿಯುಸಿ ಪ್ರಯೋಗಶಾಲೆಯ ಸರಳ ಲೋಲಕವೇ ಸಾಕು. ದಾರದ ಉದ್ದವನ್ನು 0.5, 0.6, 0.8, 1.0 ಮೀಟರ್ ಎಂದು ಬದಲಿಸುತ್ತಾ 20 ಆಂದೋಲನಗಳ ಕಾಲವನ್ನು ಅಳೆದದ್ದಾಯಿತು ಎನ್ನಿ. ಕ್ಯಾಲ್ಕ್‌ನ ಮೊದಲ ಕಂಬಸಾಲಿನಲ್ಲಿ ಉದ್ದ, ಎರಡನೆಯದರಲ್ಲಿ ಕಾಲ. ಮೂರನೆಯದರಲ್ಲಿ ಕಾಲವನ್ನು 20ರಿಂದ ಭಾಗಿಸುವ ಸೂತ್ರ, ನಾಲ್ಕನೆಯದರಲ್ಲಿ ಅದರ ವರ್ಗ. ಸೂತ್ರವನ್ನು ಒಂದು ಮನೆಯಲ್ಲಿ ಬರೆದು ಕೆಳಕ್ಕೆ ಎಳೆದರೆ ಉಳಿದ ಮನೆಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ಇನ್ನು ನಕ್ಷೆ. ಇಲ್ಲಿ ಬಹಳಷ್ಟು ವಿದ್ಯಾರ್ಥಿಗಳು ‘ಲೈನ್’ ಎಂಬ ಬಗೆಯನ್ನು ಆರಿಸಿ ಎಡವುತ್ತಾರೆ. ಆ ಬಗೆಯ ನಕ್ಷೆ ಉದ್ದದ ಅಂಕಿಗಳನ್ನು ಬರಿಯ ಹೆಸರುಗಳೆಂದು ತಿಳಿದು, 0.5ರಿಂದ 0.6ಕ್ಕೂ 0.6ರಿಂದ 0.8ಕ್ಕೂ ಒಂದೇ ಅಂತರ ಕೊಟ್ಟುಬಿಡುತ್ತದೆ. ಸರಳರೇಖೆ ಬರಬೇಕಾದಲ್ಲಿ ಸೊಟ್ಟಗೆರೆ ಬರುತ್ತದೆ, ಪಾಪ ಹುಡುಗ ಪ್ರಯೋಗವೇ ತಪ್ಪಿತೆಂದು ಕೊರಗುತ್ತಾನೆ. (ದುಬಾರಿ ತಂತ್ರಾಂಶದಲ್ಲೂ ಇದೇ ಎಡವಟ್ಟು ಆಗುತ್ತದೆ.) ಆರಿಸಬೇಕಾದದ್ದು ‘ಎಕ್ಸ್‌ವೈ ಸ್ಕ್ಯಾಟರ್’. ಉದ್ದವನ್ನು ಅಡ್ಡಕ್ಕೂ ಕಾಲದ ವರ್ಗವನ್ನು ಲಂಬಕ್ಕೂ ಇಟ್ಟು, ಬಿಂದುಗಳ ಮೇಲೆ ‘ಟ್ರೆಂಡ್ ಲೈನ್’ ಎಳೆಸಿ, ಸಮೀಕರಣ ತೋರಿಸು ಎಂದರೆ ರೇಖೆಯ ಇಳಿಜಾರು ಕಣ್ಣೆದುರಿಗೆ ಬರುತ್ತದೆ. ಅಳತೆ ಸರಿಯಾಗಿದ್ದರೆ ಅದು 4.03ರ ಆಸುಪಾಸು ಇರುತ್ತದೆ. ಪೈ ವರ್ಗದ ನಾಲ್ಕರಷ್ಟು, ಅಂದರೆ 39.48ನ್ನು ಅದರಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ 9.8 ಸಿಕ್ಕಿತು. ಇಷ್ಟಕ್ಕೆ ತಗುಲಿದ ಖರ್ಚು ಸೊನ್ನೆ.

ಕನ್ನಡದ ಗೊಡವೆ

ಕನ್ನಡ ಮಾಧ್ಯಮದವರಿಗೆ, ಕನ್ನಡ ಐಚ್ಛಿಕ ತೆಗೆದುಕೊಂಡವರಿಗೆ ಇನ್ನೊಂದು ತೊಡಕಿದೆ. ಹಿಂದೆ ‘ನುಡಿ’, ‘ಬರಹ’ದ ಹಳೆಯ ಫಾಂಟ್‌ಗಳಲ್ಲಿ ಟೈಪು ಮಾಡಿದ ಫೈಲುಗಳು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆ ಫಾಂಟ್‌ಗಳಲ್ಲಿ ಒಳಗಿದ್ದುದು ಇಂಗ್ಲಿಷ್ ಅಕ್ಷರದ ಸಂಖ್ಯೆ, ಮೇಲೆ ತೊಡಿಸಿದ್ದು ಕನ್ನಡದ ವೇಷ. ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿಬೀಳುತ್ತಿತ್ತು. ಯೂನಿಕೋಡ್‌ನಲ್ಲಿ ಹಾಗಿಲ್ಲ. ಅಲ್ಲಿ ‘ಕ’ ಅಕ್ಷರಕ್ಕೆ 3221 ಎಂಬ ಅದರದೇ ಸಂಖ್ಯೆಯಿದೆ, ಜಗತ್ತಿನ ಯಾವ ಯಂತ್ರದಲ್ಲೂ ಅದು ‘ಕ’ವೇ. ಆದ್ದರಿಂದ ‘ನುಡಿ’ಯಲ್ಲೇ ಟೈಪು ಮಾಡುವವರೂ ಯೂನಿಕೋಡ್ ಆಯ್ಕೆ ಇಟ್ಟುಕೊಂಡೇ ಮಾಡಬೇಕು. ವಿಂಡೋಸ್‌ನಲ್ಲಿಯೇ ಇರುವ ಕನ್ನಡ ಕೀಲಿಮಣೆಯೂ ಆದೀತು. ಲಿಬ್ರೆಆಫೀಸ್ ಹಾಕಿದ ಮೇಲೆ ‘ಟೂಲ್ಸ್’ ಮೆನುವಿನ ‘ಆಪ್ಷನ್ಸ್’ನಲ್ಲಿ ಭಾಷೆಗಳ ಪುಟಕ್ಕೆ ಹೋಗಿ, ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬಲ್ಲಿ ಕನ್ನಡವನ್ನು ಆರಿಸಿಟ್ಟರೆ ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಫಾಂಟ್ ಬೇರೆಬೇರೆಯಾಗಿ ಹೊಂದಿಸಲು ಬರುತ್ತದೆ. ‘ನೋಟೋ ಸಾನ್ಸ್ ಕನ್ನಡ’ದಂಥ ಉಚಿತ ಫಾಂಟ್‌ಗಳು ಚೆನ್ನಾಗಿಯೇ ಇವೆ.

ಫೈಲು ಉಳಿಸುವಾಗಲೂ ಎಚ್ಚರ ಬೇಕು. ಲಿಬ್ರೆಆಫೀಸ್ ತಾನಾಗಿ ಓಡಿಟಿ ಎಂಬ ಬಾಲಂಗೋಚಿಯಲ್ಲಿ ಉಳಿಸುತ್ತದೆ. ಇದು 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಮುಕ್ತ ನಮೂನೆ. ಮನೆಯ ಪ್ರತಿ ಹೀಗೇ ಇರಲಿ. ಪ್ರಾಧ್ಯಾಪಕರು ವರ್ಡ್ ಫೈಲೇ ಬೇಕೆಂದರೆ ‘ಸೇವ್ ಆ್ಯಸ್’ನಲ್ಲಿ ಡಾಕ್ಸ್ ಎಂದು ಉಳಿಸಿ ಕೊಡಬಹುದು. ಜೆರಾಕ್ಸ್ ಅಂಗಡಿಗೆ ಮಾತ್ರ ಪಿಡಿಎಫ್ ಮಾಡಿಯೇ ಒಯ್ಯಬೇಕು. ಇಲ್ಲವಾದರೆ ಅಲ್ಲಿನ ಯಂತ್ರದಲ್ಲಿ ಫಾಂಟ್ ಬದಲಾಗಿ, 30 ಪುಟದ ವರದಿ 34 ಪುಟವಾಗಿ, ಚಿತ್ರ ಒಂದು ಕಡೆ ಅದರ ಶೀರ್ಷಿಕೆ ಇನ್ನೊಂದು ಕಡೆ ಬಿದ್ದು, ಮುದ್ರಿಸಿದ ಹಾಳೆಗಳಿಗೆ ಕೊಟ್ಟ ಹಣ ದಂಡವಾಗುತ್ತದೆ.

ಎಲ್ಲರಿಗೂ ಎಲ್ಲಕ್ಕೂ ಇದೇ ಮದ್ದು ಎನ್ನುವಂತಿಲ್ಲ. ನಾಲ್ಕು ಜನ ಸೇರಿ ಒಂದೇ ವರದಿ ಬರೆಯಬೇಕಾದರೆ ಗೂಗಲ್ ಡಾಕ್ಸ್ ಅನುಕೂಲ. ಚೆನ್ನೈನ ಜೋಹೊ ರೈಟರ್, ಮೈಕ್ರೋಸಾಫ್ಟ್‌ನ ಅಂತರಜಾಲ ಆವೃತ್ತಿಗಳೂ ಖಾತೆ ತೆರೆದರೆ ಉಚಿತ. ಆದರೆ ನೆಟ್ ಬೇಕು, ಮಳೆಗಾಲದ ಮಲೆನಾಡಿನಲ್ಲಿ ಅದನ್ನು ನಂಬಿ ಕೂರುವುದು ಕಷ್ಟ. ಕೆಲವು ಶಾಲೆ ಕಾಲೇಜುಗಳು ವಿದ್ಯಾರ್ಥಿಗಳಿಗೆ ಸಂಸ್ಥೆಯ ಇಮೇಲ್ ವಿಳಾಸ ಕೊಡುತ್ತವೆ. ಅದರ ಮೂಲಕ ಮೈಕ್ರೋಸಾಫ್ಟ್ ಆಫೀಸ್ ಉಚಿತವಾಗಿ ಸಿಗುವ ಏರ್ಪಾಡು ಇರಬಹುದು, ಕೊಳ್ಳುವ ಮೊದಲು ಕಾಲೇಜಿನ ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು ಜಾಣತನ. ಇನ್ನು ವಾಣಿಜ್ಯ ಓದುವವರು ಎಕ್ಸೆಲ್‌ನ ಮ್ಯಾಕ್ರೋಗಳನ್ನೇ ಕಲಿತು ಕೆಲಸಕ್ಕೆ ಹೋಗಬೇಕೆಂದಿದ್ದರೆ, ಅಲಂಕಾರ ಹೆಚ್ಚಿರುವ ವರ್ಡ್ ಫೈಲುಗಳನ್ನು ದಿನವೂ ಕಚೇರಿಯೊಂದಿಗೆ ವಿನಿಮಯ ಮಾಡಿಕೊಳ್ಳಬೇಕಿದ್ದರೆ, ಹಣ ಕೊಟ್ಟು ಕೊಳ್ಳುವುದೇ ಸರಿ. ಆಗಲೂ ವರ್ಷವರ್ಷ ಕಟ್ಟುವ ಬಾಡಿಗೆಯೋ ಒಂದೇ ಸಲದ ಬೆಲೆಯೋ ಎಂದು ಕೇಳಿಕೊಳ್ಳಬೇಕು. ಮನೆಬಳಕೆಗೆಂದು ಕೊಡುವ ಕೆಲವು ಪರವಾನಗಿಗಳಲ್ಲಿ ಅಂಗಡಿಯ ಬಿಲ್ಲು ಬರೆಯಲು ಅನುಮತಿ ಇರುವುದಿಲ್ಲ. ಲಿಬ್ರೆಆಫೀಸ್‌ಗೆ ಅಂಥ ಕಟ್ಟುಪಾಡಿಲ್ಲ, ಮಗಳ ವರದಿಗೂ ತಂದೆಯ ಕಿರಾಣಿ ಲೆಕ್ಕಕ್ಕೂ ಒಂದೇ ಸಾಕು.

ಲಿಬ್ರೆಆಫೀಸ್ ಡಾಟ್ ಆರ್ಗ್ ಎಂಬ ಅದರದೇ ತಾಣದಿಂದಲೇ ಇಳಿಸಿಕೊಳ್ಳಬೇಕು. ಅದೇ ಹೆಸರು ಹೇಳಿ ಹಣವನ್ನೋ ಕಾರ್ಡಿನ ವಿವರವನ್ನೋ ಕೇಳುವ ಅಪರಿಚಿತ ತಾಣಗಳತ್ತ ಸುಳಿಯಬಾರದು. ವಿಂಡೋಸ್‌ಗೆ ಬೇಕಾದ ಫೈಲು ಸುಮಾರು 350 ಎಂಬಿ. ಹೊಸ ಆವೃತ್ತಿಗಳಿಗೆ ವಿಂಡೋಸ್ 10 ಅಥವಾ ನಂತರದ್ದು ಬೇಕು. ಅದಕ್ಕಿಂತ ಹಳೆಯ ಯಂತ್ರವಿದ್ದರೆ ತಿಳಿದವರ ನೆರವಿನಿಂದ ಲಿನಕ್ಸ್ ಹಾಕಿಸಿಕೊಳ್ಳಬಹುದು. ಅದರ ಹಲವು ಬಗೆಗಳ ಜೊತೆಯಲ್ಲಿ ಲಿಬ್ರೆಆಫೀಸ್ ಮೊದಲೇ ಇರುತ್ತದೆ. ಮನೆಯಲ್ಲಿ ನೆಟ್ ಇಲ್ಲದವರು ಸ್ನೇಹಿತರ ಮನೆಯಿಂದ ಪೆನ್‌ಡ್ರೈವ್‌ನಲ್ಲಿ ತರಬಹುದು, ತಂದು ತರಗತಿಯ ಐವತ್ತು ಮಂದಿಗೂ ಹಂಚಬಹುದು. ಹೀಗೆ ಪ್ರತಿ ಮಾಡಿ ಹಂಚುವುದಕ್ಕೆ ಅದರ ಪರವಾನಗಿಯಲ್ಲೇ ಅನುಮತಿ ಬರೆದಿದೆ.